ಪಡಸಾಲೆಯ ಗೋಡೆ

ಮುತ್ತಜ್ಜನ ಕಾಲದ ತೋಟದ ಮನೆ ಬೀಳುವ ಹಂತಕ್ಕೆ ಬಂದಾಗ ಚನವೀರಗೌಡ ಅದನ್ನು ಹಳೆಯ ಪದ್ಧತಿಯಲ್ಲೇ ಎತ್ತಿ ನಿಲ್ಲಿಸುತ್ತೇನೆಂದು ಹಟ ಹಿಡಿದ. ಸುಣ್ಣ, ಮರಳು, ಬೆಲ್ಲದ ನೀರು ಬೆರೆಸಿ ಗಾರೆ ಮಾಡಲು ಎಪ್ಪತ್ತು ದಾಟಿದ ಮಕ್ತುಮಸಾಬನನ್ನು ಕರೆಸಿದ. ಒಂದು ಚಿಟಿಕೆ ಸಿಮೆಂಟೂ ಸೇರಿಲ್ಲವೆಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಕೊನೆಗೆ ಪಡಸಾಲೆಯ ಗೋಡೆಯೊಂದು ಉಳಿಯಿತು. ಗಾರೆ ಗಟ್ಟಿಯಾಗಲು ವಾರಗಳು ಬೇಕು. ಹಳೆಯ ಮನೆಗಳ ಬಗ್ಗೆ ಬರೆಯುವ ಮೇಡಂ ನೋಡಲು ಬರುವುದಕ್ಕೆ ಇದ್ದದ್ದು ನಾಲ್ಕೇ ದಿನ. ಮುದುಕ ಶುಕ್ರವಾರದ ನಮಾಜಿಗೆ ಹೋದಾಗ ಅವನು ಕಲಸಿಟ್ಟಿದ್ದ ಗಾರೆಗೆ ಗೌಡನೇ ಎರಡು ಬುಟ್ಟಿ ಸಿಮೆಂಟ್ ಸುರಿದು ತಿರುವಿದ. ತಿರುಗಿ ಬಂದ ಮುದುಕ ಗಾರೆ ಮೆತ್ತುವಾಗ ಒಂದು ಗಳಿಗೆ ಕೈ ನಿಲ್ಲಿಸಿದ, ಮತ್ತೆ ಮೆತ್ತತೊಡಗಿದ.

ಮೇಡಂ ಬಂದವರೇ ಗೋಡೆಯನ್ನು ಉಗುರಿನಿಂದ ಕೆರೆದು ನೋಡಿದರು.

"ಇದರಲ್ಲಿ ಸಿಮೆಂಟ್ ಇದೆಯಲ್ಲ! ಯಾರು ಹಾಕಿದ್ದು?"

ಗೌಡ ಒಂದು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲಿ ಮಕ್ತುಮಸಾಬ ಮುಂದೆ ಬಂದ.

"ನಂದ ತಪ್ಪರೀ ಬಾಯಾರ. ಗೌಡ್ರಿಗೆ ಏನೂ ಗೊತ್ತಿಲ್ಲರಿ."

ಮೇಡಂ ಮುದುಕನನ್ನು ಬಾಯಿಗೆ ಬಂದಂತೆ ಬೈದು ಹೋದರು. ಗೌಡ ತಲೆ ತಗ್ಗಿಸಿ ನಿಂತಿದ್ದ. ಅವರ ಕಾರು ಮರೆಯಾದ ಮೇಲೆ ಮುದುಕನ ಎರಡೂ ಕೈ ಹಿಡಿದುಕೊಂಡ.

"ಸಿಮೆಂಟ್ ಹಾಕಿದಾವ ನಾನು, ಕಾಕಾ. ನನ್ನ ಮಾನ ಉಳಸಾಕ ನೀ ಯಾಕ ಸುಳ್ಳ ಹೇಳಿದಿ?"

ಮಕ್ತುಮಸಾಬ ಅವನ ಮುಖವನ್ನೇ ನೋಡಿದ.

"ನಾ ಹಾಕಿಲ್ಲೇನ್ರಿ ಗೌಡ್ರ? ಈಗೀಗ ನನಗ ಏನೂ ನೆನಪ ಇರಂಗಿಲ್ಲರಿ. ನಾನ ಹಾಕಿ ಮರತೀನಿ ಅಂತ, ನಾಕ ದಿನದಿಂದ ನಿಮಗ ಮಾರಿ ತೋರಸಾಕ ನಾಚಿಕಿ ಆಗಿತ್ತರಿ."