ಗವಸು ಬಿಚ್ಚಿದ ಮೇಲೆ

ಕೈಗವಸುಗಳು ಆಗಲೇ ಐಸ್ ಮೇಲೆ ಬಿದ್ದಿದ್ದವು. ತಮ್ಮ ತಮ್ಮ ಐಸ್ ಹಾಕಿ ತಂಡಕ್ಕಾಗಿ ಹೊಡೆದಾಡುವುದೇ ಡೆಲ್ಮರ್, ಒರೆಸ್ಟ್ ಇಬ್ಬರ ಕೆಲಸ. ಹದಿನಾಲ್ಕು ವರ್ಷಗಳಲ್ಲಿ ಡೆಲ್ಮರ್ ಒಮ್ಮೆಯೂ ಕೆಳಗೆ ಬಿದ್ದವನಲ್ಲ. ಎಡಗೈಯಲ್ಲಿ ಒರೆಸ್ಟನ ಅಂಗಿ ಹಿಡಿದು ಅವನು ಬಲಗೈ ಎತ್ತಿದ. ಬಿಳಿ ಬೆಳಕಿನಲ್ಲಿ ಇಬ್ಬರೂ ಜೋಡಿ ಕುಣಿತದವರಂತೆ ಮೆಲ್ಲಗೆ ಸುತ್ತುತ್ತಿದ್ದರು.

"ಡೆಲ್, ಇದ್ಯಾವ ಊರೋ?" ವರ್ಷಗಟ್ಟಲೆ ತಲೆಗೆ ಏಟು ತಿಂದಿದ್ದ ಒರೆಸ್ಟ್ ನಿದ್ದೆಯಲ್ಲಿದ್ದವನಂತೆ ಕೇಳಿದ.

ಡೆಲ್ಮರನ ಮುಷ್ಟಿ ಗಾಳಿಯಲ್ಲೇ ನಿಂತಿತು. "ಬ್ರ್ಯಾಂಡನ್ ಕಣೋ, ನಿಮ್ಮೂರೇ. ನಿಮ್ಮಮ್ಮ ಅಲ್ಲೇ ಕೂತಿದಾರೆ."

"ಹೌದಾ," ಎಂದು ಒರೆಸ್ಟ್ ನಕ್ಕ.

ಹೊಡಿ ಹೊಡಿ ಎನ್ನುವ ಜನರ ಕೂಗು ನೀರಿನೊಳಗಿಂದ ಬಂದಂತಿತ್ತು. ಒಬ್ಬ ಬೀಳುವವರೆಗೂ ರೆಫರಿಗಳು ಬಿಡಿಸುವುದಿಲ್ಲ.

"ಗಟ್ಟಿಯಾಗಿ ಹಿಡ್ಕೋ," ಎಂದ ಡೆಲ್ಮರ್. ಮುಷ್ಟಿ ಬಿಚ್ಚಿ, ಒರೆಸ್ಟನ ತಲೆಯನ್ನು ಎದೆಗೊತ್ತಿಕೊಂಡು, ತಾನೇ ಅಂಗಾತ ಬಿದ್ದ.