ಕೂರದ ಗಾಲಿ

ಬೆಳಿಗ್ಗೆಯಿಂದ ಹನ್ನೊಂದನೇ ಸಲ... ಗಾಲಿ ಕೂರುತ್ತಿಲ್ಲ!

ಸಂಗನಬಸಪ್ಪ ಅಂಗಳದಲ್ಲಿ ಸೈಕಲ್ ತಲೆಕೆಳಗೆ ನಿಲ್ಲಿಸಿಕೊಂಡು ಬೆವರು ಒರೆಸಿಕೊಳ್ಳುತ್ತಿದ್ದರು.

ಇವರು ವಿಜಯಪುರದ ಬಸ್ ಡಿಪೋದಲ್ಲಿ ಇಪ್ಪತ್ತೆರಡು ವರ್ಷದಿಂದ ಮೆಕ್ಯಾನಿಕ್. ದಿನಕ್ಕೆ ಎಷ್ಟು ಬಸ್ಸಿನ ಗಾಲಿ ಬಿಚ್ಚಿ ಹಾಕುತ್ತಾರೋ ಲೆಕ್ಕವಿಲ್ಲ.

ಅಂಥವರನ್ನು ಮಗಳ ಸೈಕಲ್ಲಿನ ಹಿಂದಿನ ಗಾಲಿ ಆಟ ಆಡಿಸುತ್ತಿತ್ತು...

ಮಗಳು ದಾನೇಶ್ವರಿ, ಒಂಬತ್ತನೇ ಕ್ಲಾಸ್. ಭಾನುವಾರ ಜಿಲ್ಲಾ ಸೈಕಲ್ ರೇಸಿನ ಸೆಲೆಕ್ಷನ್. ಅವತ್ತು ಶುಕ್ರವಾರ.

"ಗುಂಡಿಗೆ ಇಳೀತಪ್ಪಾ, ರಿಮ್ ಬೆಂಡ್ ಆಗೈತಿ" ಅಂತ ಹೋದ ವಾರ ಅವಳು ಹೇಳಿದಾಗಲೇ ಅಪ್ಪ ಓಣಿಗೆಲ್ಲ ಕೇಳುವ ಹಾಗೆ ಬೈದಿದ್ದರು. ನಿನ್ನೆ ತಾವೇ ದಸ್ತಗೀರ್ ಚಾಚಾನ ಸೈಕಲ್ ಅಂಗಡಿಗೆ ಹೋಗಿ ಹೊಸ ಗಾಲಿ ತಂದಿದ್ದರು.

"ಸೈಕಲ್ಲೂ ತಗೊಂಡ್ ಬರ್ರಿ ಸಾಹೇಬ್ರ, ನಾನ ಕೂರಿಸಿ ಕೊಡ್ತೀನಿ" ಅಂದಿದ್ದರು ಚಾಚಾ.

"ಬಸ್ಸಿನ ಗಾಲಿ ಹಾಕೋನಿಗೆ ಸೈಕಲ್ ಗಾಲಿ ಹಾಕೋದು ಕಲಸ್ತೀರೇನು?" ಅಂತ ನಕ್ಕು ಬಂದಿದ್ದರು.

ಈಗ ನೋಡಿದರೆ... ಆಕ್ಸಲ್ಲಿನ ಒಂದು ತುದಿ ಫ್ರೇಮಿನೊಳಗೆ ಹೋಗುತ್ತದೆ, ಇನ್ನೊಂದು ತುದಿ ಅಂಚಿನ ಮೇಲೇ ನಿಲ್ಲುತ್ತದೆ.

ನಟ್ಟು ಸಡಿಲ ಮಾಡಿದರು. ವಾಷರ್ ತೆಗೆದರು. ಸ್ಕೇಲ್ ಹಿಡಿದು ಹೊಸ ಆಕ್ಸಲ್ ಅಳೆದರು, ಹಳೆಯದನ್ನೂ ಅಳೆದರು. ಎರಡೂ ಒಂದೇ ಅಳತೆ!

ಆದರೂ ತಪ್ಪು ಗಾಲಿಯದ್ದೇ. ಹೊಸದಾಗಿ ಬಂದಿದ್ದು ಅದೊಂದೇ ತಾನೇ...?

ಪಾನಾ ಹಾಕಿ ಮೀಟಿದರು. ಫ್ರೇಮಿನ ಬಣ್ಣ ಕಿತ್ತು ಬಂತು. ಹೆಬ್ಬೆರಳು ಸಿಕ್ಕಿಕೊಂಡು ರಕ್ತ ಬಂತು.

"ಅಪ್ಪಾ..." ಬಾಗಿಲಲ್ಲಿ ನಿಂತು ಮಗಳು ಕರೆದಳು.

"ಸುಮ್ನಿರು! ನನಗ ಗೊತ್ತೈತಿ!"

"ಚಹಾ ಆರ್ತೈತ್ರಿ" ಅಂದರು ಹೆಂಡತಿ.

"ಆರ್ಲಿ!"

ಕೊನೆಗೆ ಸೈಕಲ್ಲು, ಗಾಲಿ, ಮಗಳು, ಎಲ್ಲವನ್ನೂ ಒಂದು ಆಟೋಗೆ ಹಾಕಿಕೊಂಡು ಅಂಗಡಿಗೆ ಹೊರಟೇಬಿಟ್ಟರು.

ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಇವರಿಗೆ ಅದರ ಪರಿವೆ ಎಲ್ಲಿ...

"ಯಾವ ಗಾಲಿ ಕೊಟ್ರಿ ನನಗ? ಕಣ್ಣು ಕಾಣ್ತಾವೋ ಇಲ್ಲೋ? ನಾಡಿದ್ದು ನನ್ನ ಮಗಳ ರೇಸ್ ಐತಿ!"

ಚಾಚಾ ಅದೇ ಗಾಲಿ ತೆಗೆದುಕೊಂಡು, ಅಂಗಡಿಯಲ್ಲಿದ್ದ ಅದೇ ಮಾಡೆಲ್ಲಿನ ಇನ್ನೊಂದು ಸೈಕಲ್ಲಿಗೆ ಹಾಕಿ ತೋರಿಸಿದರು. ಸಲೀಸಾಗಿ ಕೂತಿತು. ತಿರುಗಿಸಿದರೆ ಗರಗರ ತಿರುಗಿತು.

ಸಂಗನಬಸಪ್ಪನವರ ಸಿಟ್ಟು ಇನ್ನೂ ಏರಿತು. "ಹಂಗಾದ್ರ ನಮ್ಮ ಸೈಕಲ್ಲಿಗೆ ಯಾಕ ಕೂರಂಗಿಲ್ಲ? ಏನೋ ಮೋಸಾ ಮಾಡೀರಿ. ನಿಮ್ಮ ಅಂಗಡಿಗೆ ಇನ್ನ ಯಾರೂ ಕಾಲಿಡದಂಗ ಮಾಡ್ತೀನಿ!"

ಚಾಚಾ ಒಮ್ಮೆ ಹುಡುಗಿಯ ಮುಖ ನೋಡಿದರು. ತಲೆ ತಗ್ಗಿಸಿದರು. "ತಪ್ಪಾತು ಸಾಹೇಬ್ರ... ಬ್ಯಾರೆ ಗಾಲಿ ಕೊಡ್ತೀನಿ."

"ಚಾಚಾಗ ಬೈಬ್ಯಾಡಪ್ಪಾ!"

ದಾನೇಶ್ವರಿ ಕೂಗಿದ್ದಳು.

"ಗಾಲಿ ಸರಿ ಐತಿ. ಫ್ರೇಮ್ ಸೊಟ್ಟ ಆಗೈತಿ. ಗುಂಡಿ ಅಂತ ಸುಳ್ಳು ಹೇಳಿದ್ನಿ... ಹಿಂದಿಂದ ಟಂಟಂ ಗಾಡಿ ಬಂದು ಗುದ್ದಿತು. ನಾ ಹಾರಿ ಬಿದ್ನಿ."

ಸಂಗನಬಸಪ್ಪನವರ ಬಾಯಿಂದ ಬಂದ ಮೊದಲ ಮಾತು ಇದು...

"ಅಯ್ಯೋ, ಫ್ರೇಮ್ ಹೋತೇನು? ತಂದು ವರ್ಷಾನೂ ಆಗಿಲ್ಲಲ್ಲ!"

ಮಗಳು ಅಪ್ಪನ ಮುಖವನ್ನೇ ನೋಡಿದಳು.

"ಅದಕ್ಕ ಹೇಳ್ಲಿಲ್ಲಪ್ಪಾ..."

ಅಷ್ಟೇ.

ಚಾಚಾ ಮೆಲ್ಲಗೆ ಹೇಳಿದರು, "ಬಿದ್ದ ದಿನ ಸೈಕಲ್ ಎಳಕೋತ ಈ ಕೂಸು ಇಲ್ಲಿಗೇ ಬಂದಿತ್ತು ಸಾಹೇಬ್ರ. ನಾ ಕೈ ನೋಡಾಕ ಹೋದ್ರ, 'ಮೊದಲ ಸೈಕಲ್ ನೋಡ್ರಿ ಚಾಚಾ, ಅಪ್ಪ ಬೈತಾನ' ಅಂತ ಅಳ್ತಿತ್ತು. ಫ್ರೇಮ್ ಸೊಟ್ಟ ಆಗೈತಿ, ಮನ್ಯಾಗ ನೀನ ಹೇಳವ್ವಾ, ನೀ ಹೇಳೋತನಕ ನಾ ಹೇಳಂಗಿಲ್ಲ ಅಂತ ಮಾತು ಕೊಟ್ಟಿದ್ದೆ."

ಸಂಗನಬಸಪ್ಪ ಮಗಳ ಎಡಗೈ ಮೇಲಿನ ಅಂಗಿಯ ತೋಳು ಸರಿಸಿದರು.

ಮಣಿಕಟ್ಟು ಊದಿಕೊಂಡು ನೀಲಿಗಟ್ಟಿತ್ತು.

ಎಂಟು ದಿನ... ಒಂದೇ ಮನೆಯಲ್ಲಿ, ಒಂದೇ ಸಾಲಿನಲ್ಲಿ ಊಟಕ್ಕೆ ಕೂತಿದ್ದರು. ಆಕ್ಸಲ್ಲನ್ನು ಕೂದಲೆಳೆಯಷ್ಟೂ ಬಿಡದೆ ಅಳೆದ ಕಣ್ಣಿಗೆ ಮಗಳ ಕೈ ಕಂಡಿರಲಿಲ್ಲ!

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಎಲುಬಿನಲ್ಲಿ ಸಣ್ಣ ಬಿರುಕು, ನಾಲ್ಕು ವಾರ ಪ್ಲಾಸ್ಟರ್. ಈ ವರ್ಷದ ಸೆಲೆಕ್ಷನ್ ಕೈತಪ್ಪಿತು. ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಅವಳ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು ಬೆಂಚಿನ ಮೇಲೆ ಕೂತರು.

ಮಾರನೇ ದಿನ ಬೆಳಿಗ್ಗೆ, ಗಿರಾಕಿಗಳು ಇರುವ ಹೊತ್ತು ನೋಡಿಯೇ ಅಂಗಡಿಗೆ ಹೋದರು.

"ಮಂದಿ ಮುಂದ ಬೈದೀನಿ, ಮಂದಿ ಮುಂದನ ಕೇಳ್ತೀನಿ. ತಪ್ಪಾತ್ರಿ ಚಾಚಾ."

ಚಾಚಾ ಒಂದು ದಾರದ ತುದಿ ಅವರ ಕೈಗಿಟ್ಟರು. "ಅದಿರ್ಲಿ, ಇದನ್ನ ಹಿಡೀರಿ. ಫ್ರೇಮ್ ಎಷ್ಟು ಸೊಟ್ಟ ಆಗೈತಿ ನೋಡೂಣು."

ಇಬ್ಬರೂ ಸೇರಿ ಮಧ್ಯಾಹ್ನದವರೆಗೆ ಬಗ್ಗಿಸಿ, ಅಳೆದು, ಮತ್ತೆ ಬಗ್ಗಿಸಿ ಫ್ರೇಮ್ ನೆಟ್ಟಗೆ ಮಾಡಿದರು. ಗಾಲಿ ಕೂತಿತು.

ಸಂಗನಬಸಪ್ಪನವರ ಸಿಟ್ಟು ಹೋಯಿತಾ? ಇಲ್ಲ... ಇವತ್ತಿಗೂ ಚಹಾದಲ್ಲಿ ಸಕ್ಕರೆ ಕಡಿಮೆಯಾದರೆ ಮನೆಯೆಲ್ಲ ಕೇಳುವ ಹಾಗೆ ಕೂಗಾಡುತ್ತಾರೆ.

ಆದರೆ ಮೂರು ತಿಂಗಳ ನಂತರ ಒಂದು ಸಂಜೆ ಡಿಪೋದಲ್ಲಿ ಅವರ ಫೋನ್ ರಿಂಗಾಯಿತು. ಗೊತ್ತಿಲ್ಲದ ನಂಬರ್.

"ಅಪ್ಪಾ, ನಾನು... ಬಾಜೂಕಿದ್ದವ್ರ ಫೋನ್ ಇಸ್ಕೊಂಡೀನಿ. ಪ್ರ್ಯಾಕ್ಟೀಸಿನ್ಯಾಗ ಬಿದ್ನಿ."

ಬೈಗುಳ ಗಂಟಲವರೆಗೂ ಬಂತು. ನುಂಗಿಕೊಂಡರು.

"ನಿನಗೇನಾತವ್ವಾ? ಎಲ್ಲಿದ್ದಿ? ಈಗ ಬಂದೆ..."

"ಏನೂ ಆಗಿಲ್ಲಪ್ಪಾ, ಮೊಣಕಾಲು ತರಚೈತಿ ಅಷ್ಟ. ಬಿದ್ದಕೂಡ್ಲೇ ನಿನಗ ಫೋನ್ ಮಾಡಿದ್ನಿ..."

ಸಂಗನಬಸಪ್ಪ ಗ್ರೀಸ್ ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು ಬೈಕ್ ಕಡೆಗೆ ಓಡಿದರು.

*ನಮ್ಮ ಸಿಟ್ಟಿಗೆ ಹೆದರುವವರು ತಮ್ಮ ತಪ್ಪನ್ನಷ್ಟೇ ಅಲ್ಲ, ತಮ್ಮ ನೋವನ್ನೂ ನಮ್ಮಿಂದ ಮುಚ್ಚಿಡುತ್ತಾರೆ.*

ನಿಮ್ಮ ಮಕ್ಕಳು ಎಲ್ಲಾದರೂ ಬಿದ್ದರೆ, ಮೊದಲ ಫೋನ್ ಯಾರಿಗೆ ಮಾಡುತ್ತಾರೆ...?