ಪತ್ರಿಕೆಯ ಬೆನ್ನ ಮೇಲಿನ ಮುಖ

ರಾಜಮತಿ ಪ್ರೆಸ್ಸಿನಲ್ಲೇ ಕಟ್ಟು ಬಿಚ್ಚಿ ಮೇಲಿನ ಕಾರ್ಡು ತಿರುವಿದಳು. ಮಗಳ ಲಗ್ನಪತ್ರಿಕೆಯ ಬೆನ್ನ ಮೇಲೆ ತೀರಿಹೋದ ಗಂಡ ಬಾಪುಸಾಹೇಬನ ಮುಖ. ಸಾವಾದ ವರ್ಷದೊಳಗೆ ಲಗ್ನವಾಗಬೇಕು, ಇಲ್ಲದಿದ್ದರೆ ಮೂರು ವರ್ಷ ತಡೆಯಬೇಕೆಂದು ಹಿರಿಯರು ಅವಸರ ಮಾಡಿದ್ದರು. ಹೀಗಾಗಿ ಬಾಪುಸಾಹೇಬನ ಪುಣ್ಯತಿಥಿಯ ಕಾರ್ಡು, ಕುಸುಮಳ ಲಗ್ನದ ಕಾರ್ಡು ಎರಡೂ ರಾಯಬಾಗದ ಈ ಪ್ರೆಸ್ಸಿನಲ್ಲಿ ಒಂದೇ ದಿನ ಅಚ್ಚಾಗಿದ್ದವು.

"ಕಾಲಿಲೆ ತುಳಿಯೂ ಹಳೇ ಮಿಷನ್‌ರಿ ಬಾಯಾರ," ಎಂದ ಪ್ರೆಸ್ಸಿನ ಮುರಗೆಪ್ಪ. "ಪುಣ್ಯತಿಥಿದು ಹೊಡಿಯೂಮುಂದ ಒಂದ್ ಸಲ ಕಾಗದ ಇಡೂದು ತಪ್ಪಿತು. ಫೋಟೋದ ಅಚ್ಚು ಕಾಗದದ ಹಿಂದಿರೂ ಗಾದಿ ಮ್ಯಾಲ ಬಿತ್ತು. ಒರಸೂದು ಮರತೆ. ಆಮ್ಯಾಲ ಇಟ್ಟ ಲಗ್ನದ ಕಾರ್ಡಿಗೆ ಅದರ ಮಸಿ ಹತ್ತೇತಿ. ಮೊದಲಿನ ನಾಕೈದಕ್ಕ ಅಷ್ಟ. ಉಳಿದಾವು ಸ್ವಚ್ಛ ಅದಾವು."

"ಮೊದಲಿಂದು ಎಲ್ಲಿ ಹೋಗೇತಿ ಗೊತ್ತೈತೇನು ನಿನಗ?"

ಅದನ್ನು ಮೈದುನ ತಾತ್ಯಾಸಾಹೇಬ ಅಚ್ಚಾದ ಕೂಡಲೇ ಪ್ರೆಸ್ಸಿನಿಂದ ಒಯ್ದು, ಹಿಂದುಮುಂದು ನೋಡದೆ ಉಗಾರ ಬುದ್ರುಕಿನ ಬೀಗತಿ ಸೋನಾಬಾಯಿಗೆ ಕೊಟ್ಟುಬಂದಿದ್ದ. ಸೋನಾಬಾಯಿಯೋ, ಹಲ್ಲಿ ಲೊಚಗುಟ್ಟಿತೆಂದು ನಿಶ್ಚಿತಾರ್ಥವನ್ನೇ ವಾರ ಮುಂದೂಡಿದ ಹೆಂಗಸು. ಇನ್ನು ಈ ಲಗ್ನ ಮುರಿದಂತೆಯೇ ಎಂದುಕೊಂಡಳು ರಾಜಮತಿ. ಸ್ವಚ್ಛವಾದ ಒಂದು ಕಾರ್ಡು ಹಿಡಿದು ಉಗಾರದ ಬಸ್ಸು ಹತ್ತಿದಳು.

ಸೋನಾಬಾಯಿ ಕೂರಿಸಿ ನೀರು ಕೊಟ್ಟಳು. ರಾಜಮತಿ ತಂದ ಕಾರ್ಡು ಮುಂದೆ ಹಿಡಿದಳು.

"ತಪ್ಪಾಗೇತ್ರಿ ಅಕ್ಕಾರ. ಇದನ್ನ ಇಟ್ಕೋರಿ, ಅದನ್ನ ಹೊಳ್ಳಿ ಕೊಡ್ರಿ."

ಸೋನಾಬಾಯಿ ದೇವರ ಗೂಡಿನತ್ತ ಕೈ ತೋರಿದಳು. ಅಲ್ಲಿ ಪತ್ರಿಕೆ ಬೆನ್ನು ಮುಂದಾಗಿ ನಿಂತಿತ್ತು, ಅಂಚಿಗೆ ಅರಿಷಿಣ ಕುಂಕುಮ. ಮುಖ ತೆಳ್ಳಗೆ, ತಿರುವುಮುರುವಾಗಿ ಮೂಡಿತ್ತು. ಫೋಟೋದಲ್ಲಿ ಎಡಕ್ಕಿದ್ದ ತಲೆಯ ಪಟಕಾದ ತುದಿ ಇಲ್ಲಿ ಬಲಕ್ಕಿತ್ತು. ಮುಂಜಾನೆ ಅವನು ಪಟಕಾ ಸುತ್ತುವಾಗ ಹೆಗಲ ಹಿಂದಿನಿಂದ ಕನ್ನಡಿಯಲ್ಲಿ ಇಣುಕುತ್ತಿದ್ದ ರಾಜಮತಿಗೆ ಕಾಣುತ್ತಿದ್ದುದು ಇದೇ ಮುಖ.

"ಹೆಣ್ಣಿನ ಅಪ್ಪ ಇಲ್ಲದ ಕರೆ ಬಂತಲ್ಲಾ ಅಂತ ನನಗ ಜೀವಕ್ಕ ಸಮಾಧಾನ ಇರಲಿಲ್ಲ," ಎಂದಳು ಸೋನಾಬಾಯಿ. "ತಿರುವಿ ನೋಡಿದ್ರ ಖುದ್ದ ಅವರ ಬಂದಾರ. ಇದಕಿಂತ ಚಲೋ ಶಕುನ ಯಾವುದೈತಿ?"

ರಾಜಮತಿಗೆ ತಲೆಯ ಮೇಲಿನ ಹೊರೆ ಇಳಿದಂತಾಗಿ ಅಳುವೇ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಈಗ ಆ ಪತ್ರಿಕೆ ಬೇರೆಯೇ ಕಾರಣಕ್ಕೆ ಬೇಕೆನಿಸಿತು.

"ಹಂಗಾರ ಅಕ್ಕಾರ, ಅದನ್ನ ನನಗ ಇಟ್ಕೊಳಾಕ ಕೊಡ್ತೀರೇನ್ರಿ?"

"ಕೊಡೂದಿಲ್ಲ," ಎಂದಳು ಸೋನಾಬಾಯಿ. "ಕರ್ಯಾಕ ಬಂದಾವರನ್ನ ಲಗ್ನದ ಊಟಾ ಮಾಡಸದ ಹೊಳ್ಳಿ ಕಳಸ್ತಾರೇನು?"